ಆರನೆಯ ಹಾಡಿನ ಉಳಿದರ್ಧ

ಶಿಲ್ಲಾಂಗ್
7 ಆಗಸ್ಟ್ 2023

ಅಪ್ಪ,

ಈ ಲಕೋಟೆಯಲ್ಲಿ ಹತ್ತಿ ಸುತ್ತಿದ ಪೆನ್‌ಡ್ರೈವ್ ಇದೆ. ಬ್ಯಾಂಡ್‌ಸೆಟ್ಟಿನ ಸ್ಪೀಕರ್ ಡಬ್ಬದ ಹಿಂದೆ ಅದನ್ನು ಚುಚ್ಚುವ ಜಾಗ ಕೆಂಪಸಿದ್ದಯ್ಯ ಮಾವನಿಗೆ ಗೊತ್ತು. ಅದರಲ್ಲಿರುವುದು ನನ್ನ ಮೊದಲ ಆಲ್ಬಮ್. ಹೆಸರು ‘ಅರ್ಧದಾರಿ’. ಏಳು ಹಾಡುಗಳಿವೆ. ಹಾಡು ಅಂದರೆ ಮಾತಿಲ್ಲ, ಬರೀ ವಾದ್ಯ.

ಇಲ್ಲಿಯವರು ಇದನ್ನು ಜಾಜ್-ಫಂಕ್ ಅನ್ನುತ್ತಾರೆ. ಡ್ರಮ್ಮು, ಬೇಸ್ ಗಿಟಾರು ಎರಡೂ ಮೆರವಣಿಗೆಯವರ ಹಾಗೆ ಒಂದೇ ಹೆಜ್ಜೆ ಹಾಕುತ್ತಿರುತ್ತವೆ. ಮೇಲೆ ಟ್ರಂಪೆಟ್ಟು ತನಗೆ ತೋಚಿದ ಕಡೆ ಹೋಗಿ ಬರುತ್ತದೆ. ಮದುವೆ ಮನೆ ಮುಂದೆ ಗಂಡಿನ ಕಡೆಯವರು ಮೈಮರೆತು ಕುಣಿಯುವಾಗ ನೀನು ಧಾಟಿ ಬಿಟ್ಟು ಎಲ್ಲೆಲ್ಲೋ ಹೋಗುತ್ತಿದ್ದೆಯಲ್ಲ, ಹೆಚ್ಚುಕಡಿಮೆ ಹಾಗೆ.

ಆರನೆಯದನ್ನು ಯಾರೂ ಇಲ್ಲದಾಗ ಕೇಳು. ನಿನಗೆ ಬೇಡ ಅನ್ನಿಸಿದರೆ ಬರಿ. ಹೊರಗೆ ಬರುವುದು ಮುಂದಿನ ತಿಂಗಳು, ತೆಗೆಯಲು ಇನ್ನೂ ಸಮಯವಿದೆ.

ಫೋನು ಮಾಡಿದರೆ ಎತ್ತುವುದಿಲ್ಲ. ಎತ್ತಿದರೆ ‘ಕಾಗದ ಬರಿ’ ಅಂತ ಇಡುತ್ತೀಯ. ಶಾಲೆಯ ಮಕ್ಕಳಿಗೆ ಟ್ರಂಪೆಟ್ ಕಲಿಸಲು ಇಷ್ಟು ದೂರ ಬಂದದ್ದಕ್ಕೆ ಇದು ಶಿಕ್ಷೆ ಎಂದುಕೊಂಡಿದ್ದೇನೆ. ಇರಲಿ. ಅಂಚೆಯವನಿಗಾದರೂ ನನ್ನ ಪರಿಚಯವಾಯಿತು.

ಕುಸುಮ

—

ಮಳವಳ್ಳಿ
29 ಆಗಸ್ಟ್ 2023

ಕುಸುಮಳಿಗೆ,

ನಿನ್ನ ಕಾಗದ, ಹತ್ತಿ, ಒಳಗಿನದು ಎಲ್ಲ ತಲುಪಿತು. ಕೆಂಪಸಿದ್ದಯ್ಯ ಬಂದು ಹಾಕಿದ. ಡಬ್ಬದ ಮೇಲೆ ಅಂಗೈ ಇಟ್ಟುಕೊಂಡು ಏಳನ್ನೂ ಮುಗಿಸಿದೆ. ಡ್ರಮ್ಮಿನವನು ಯಾರು? ಒಳ್ಳೆಯ ಕೈ. ಅವಸರವಿಲ್ಲ. ನಮ್ಮ ಹುಡುಗರಿಗೆ ಎರಡು ಹೆಜ್ಜೆಗೊಮ್ಮೆ ಅವಸರ ಬರುತ್ತದೆ.

ಆರನೆಯದೂ ಚೆನ್ನಾಗಿದೆ. ತೆಗೆಯಬೇಡ.

ಕೆಂಪಸಿದ್ದಯ್ಯ ಮಾತ್ರ ಕೊನೆಯ ಹೊತ್ತಿಗೆ ತಲೆ ತಗ್ಗಿಸಿ ಕೂತಿದ್ದವನು ಚಹಾ ಕೂಡ ಕುಡಿಯದೆ ಎದ್ದುಹೋದ. ಮುಂದಿನ ಹಲ್ಲು ಬಿದ್ದು ಟ್ರಂಪೆಟ್ ಬಿಟ್ಟು ದೊಡ್ಡ ಡ್ರಮ್ಮು ಹಿಡಿದಾಗಿನಿಂದ ಅವನಿಗೆ ಬೇರೆಯವರ ಟ್ರಂಪೆಟ್ ಕಂಡರೆ ಆಗುವುದಿಲ್ಲ. ಹೊಟ್ಟೆಕಿಚ್ಚಿನವನಲ್ಲ, ಆದರೂ.

ಗಣೇಶನ ಮೆರವಣಿಗೆಗೆ ಕೊತ್ತತ್ತಿಯವರು, ಮದ್ದೂರಿನ ಎರಡು ಬೀದಿಯವರು ನಮ್ಮ ಸೆಟ್ಟಿಗೆ ಹೇಳಿದ್ದಾರೆ. ಸಮವಸ್ತ್ರ ಒಗೆಸಬೇಕು. ಅಲ್ಲಿ ಚಳಿ ಎಂದು ಕೇಳಿದ್ದೇನೆ, ತುಟಿ ಒಡೆಯದ ಹಾಗೆ ಬೆಣ್ಣೆ ಹಚ್ಚಿಕೊ.

ನಿನ್ನ ತಂದೆ
ಮರಿಸಿದ್ದಯ್ಯ

—

ಶಿಲ್ಲಾಂಗ್
30 ಅಕ್ಟೋಬರ್ 2023

ಅಪ್ಪ,

ಏನು ಬರೆಯಲಿ, ಹೇಗೆ ಬರೆಯಲಿ ತಿಳಿಯುತ್ತಿಲ್ಲ. ಲಂಡನ್ನಿನ ಪತ್ರಿಕೆಯೊಂದು ‘ಅರ್ಧದಾರಿ’ಗೆ ಒಂದು ಪುಟ ಕೊಟ್ಟಿದೆ. ಆರನೆಯ ಹಾಡಿನ ಬಗ್ಗೆಯೇ ಅರ್ಧ ಪುಟ. “ತಾಳ ನಡೆಯುತ್ತಲೇ ಇರುತ್ತದೆ, ಟ್ರಂಪೆಟ್ ನಡು ಉಸಿರಿನಲ್ಲಿ ನಿಂತುಬಿಡುತ್ತದೆ. ಮತ್ತೆ ಬರುವುದಿಲ್ಲ. ಈ ವರ್ಷ ನಾವು ಕೇಳಿದ ಅತ್ಯಂತ ಧೈರ್ಯದ ಮೌನ” ಎಂದು ಬರೆದಿದ್ದಾರೆ. ಬರ್ಲಿನ್ನಿನವರೊಬ್ಬರು ಅದನ್ನು ಮೂರು ಸಲ ಕೇಳಿ ರಸ್ತೆಯಲ್ಲಿ ಕಾರು ನಿಲ್ಲಿಸಿದರಂತೆ.

ಬೈದವರೂ ಇದ್ದಾರೆ. ಬೆಂಗಳೂರಿನ ರಘುನಂದನ್ ಎಂಬ ವಿಮರ್ಶಕರು, ನಾನು ಬ್ಯಾಂಡ್‌ಸೆಟ್ಟಿನ ದುಃಖಕ್ಕೆ ಇಸ್ತ್ರಿ ಹಾಕಿದ್ದೇನೆ ಅಂದಿದ್ದಾರೆ. ಆರನೆಯದರ ಬಗ್ಗೆ, “ಇದು ಮೌನವಲ್ಲ. ಮುಂದಿನದು ಗೊತ್ತಿಲ್ಲದವರು ನಿಲ್ಲುವ ರೀತಿ ಇದು” ಎಂದಿದ್ದಾರೆ. ಎರಡು ದಿನ ಊಟ ಸೇರಲಿಲ್ಲ. ಆಮೇಲೆ ನಿನ್ನ ಕಾಗದ ತೆಗೆದು ಓದಿದೆ. ನೀನು ಚೆನ್ನಾಗಿದೆ ಅಂದಿದ್ದೀಯ. ಬೇರೆ ಯಾರು ಏನೆಂದರೂ ಆ ಹಾಡಿಗೆ ನಿನ್ನದೊಂದೇ ಅಭಿಪ್ರಾಯ ಬೇಕಿತ್ತು. ಬೇಡ ಅನ್ನುತ್ತೀಯ ಎಂದೇ ಹೆದರಿದ್ದೆ. ನಾವಿಬ್ಬರೂ ಅದರ ಬಗ್ಗೆ ಯಾವತ್ತೂ ಮಾತಾಡಿಲ್ಲ. ಈಗಲೂ ಬೇಡ.

ಮಂಡ್ಯದ ವರದಿಗಾರರೊಬ್ಬರು ಫೋನು ಮಾಡಿದ್ದರು. ‘ಮಳವಳ್ಳಿ ಹುಡುಗಿಗೆ ಲಂಡನ್ನಿನ ಶಹಬ್ಬಾಸ್’ ಎಂದು ಹಾಕುತ್ತಾರಂತೆ. ಬಂದರೆ ಕತ್ತರಿಸಿ ಇಡು.

ಕುಸುಮ

—

ಮಳವಳ್ಳಿ
12 ಡಿಸೆಂಬರ್ 2023

ಕುಸುಮಳಿಗೆ,

ಪೇಪರಿನಲ್ಲಿ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಜನ ನಿಲ್ಲಿಸಿ ಕೈಕುಲುಕಿದರು. ಅದನ್ನು ಬರೆಯಲು ಕೂತವನು ಈಗ ಬೇರೆಯದನ್ನು ಬರೆಯಬೇಕಾಗಿದೆ.

ಸೋಮನಹಳ್ಳಿಯ ಜವರಯ್ಯನವರ ಮಗಳು ಚಂದನಳ ಮದುವೆಗೆ ನಮ್ಮ ಸೆಟ್ಟು ಹೋಗಿತ್ತು. ಮೆರವಣಿಗೆಗೆ ಗಾಡಿಯ ಮೇಲೆ ಡಿಜೆಯೂ ಇತ್ತು. ನಮಗೆ ದಣಿವಾದಾಗ ಅವರು, ಅವರಿಗೆ ದಣಿವಾದಾಗ ನಾವು. ಡಿಜೆಯವನು ಪೇಪರು ಓದಿದ್ದನಂತೆ. ಬ್ಯಾಂಡ್ ಮಾಸ್ಟರ್ ಮಗಳ ಹಾಡು, ಲಂಡನ್ನಿನಲ್ಲಿ ಹೊಗಳಿದ್ದಾರೆ ಎಂದು ಮೈಕಿನಲ್ಲಿ ಹೇಳಿ ನಿನ್ನ ಆರನೆಯದನ್ನು ಹಾಕಿದ. ಹುಡುಗರು ಕುಣಿದರು. ನಾನು ಟೋಪಿ ಸರಿಮಾಡಿಕೊಂಡು ನಿಂತಿದ್ದೆ.

ಇದ್ದಕ್ಕಿದ್ದ ಹಾಗೆ ಹೆಣ್ಣಿನ ಅಜ್ಜಿ, ತಾಯಿಯ ತಾಯಿ ಚಲುವಮ್ಮ, ಕೈಯಲ್ಲಿದ್ದ ಕಳಸ ಕೆಳಗಿಟ್ಟು ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ತಾಯಿ ಇಂದ್ರಮ್ಮ ನಡುರಸ್ತೆಯಲ್ಲಿ ಕೂತಳು. ವಯಸ್ಸಾದವರೆಲ್ಲ ಒಬ್ಬೊಬ್ಬರಾಗಿ ಮುಖ ತಿರುಗಿಸಿದರು. ಕುಣಿಯುತ್ತಿದ್ದವರಿಗೂ ನನಗೂ ಏನೂ ತಿಳಿಯಲಿಲ್ಲ. ಜವರಯ್ಯ ನುಗ್ಗಿ ಬಂದು ನನ್ನ ಕಾಲರು ಹಿಡಿದು ಕಿವಿಗೆ ಬಾಯಿಟ್ಟು ಕೂಗಿದರು.

“ಏನಯ್ಯಾ ಮಾಸ್ಟ್ರೇ, ನನ್ ಮಗಳು ಅಸೆಮಣೆಗೆ ಓಯ್ತಾವ್ಳೋ ಚಟ್ಟುಕ್ ಓಯ್ತಾವ್ಳೋ?”

“ಏನಾಯ್ತು ಬುದ್ದಿ?”

“ಏನಾಯ್ತು ಅಂತ ನನ್ನ ಕೇಳೀಯಾ? ನಿನ್ ಮಗಳು ಬಾರ್ಸಿರದು ಕಣಯ್ಯ! ನಮ್ಮಪ್ಪನ್ ಎಣದ್ ಮುಂದೆ ನೀನೇ ಬಾರ್ಸಿದ್ದು! ಅದೂ ಪೂರ್ತಿ ಬಾರ್ಸ್ದೆ ಅರ್ಧಕ್ಕೆ ಬುಟ್ಟವ್ಳೆ. ಯಾರಿಗ್ ಕಾದವ್ಳೆ ಇನ್ನ?”

ನಮ್ಮನ್ನು ಊಟಕ್ಕೆ ಕೂರಿಸಲಿಲ್ಲ. ಸಮವಸ್ತ್ರದಲ್ಲೇ ಹೆದ್ದಾರಿಯವರೆಗೆ ನಡೆದು ಬಂದೆವು. ಚಿಕ್ಕರಸಿನಕೆರೆಯ ಮದುವೆಯವರು ಮರುದಿನ ಬೇಡವೆಂದು ಹೇಳಿಕಳಿಸಿದರು. ಆಮೇಲೆ ಮಳವಳ್ಳಿಯಲ್ಲೇ ಇಬ್ಬರು.

ಒಂದು ಮಾತು ನೇರವಾಗಿ ಕೇಳುತ್ತೇನೆ. ಆ ಆರನೆಯದು ಯಾವ ಧಾಟಿ?

ಮರಿಸಿದ್ದಯ್ಯ

—

ಶಿಲ್ಲಾಂಗ್
24 ಡಿಸೆಂಬರ್ 2023

ಅಪ್ಪ,

ನಿನ್ನ ಕೊನೆಯ ಸಾಲನ್ನು ಓದಿ ಆಗಸ್ಟಿನ ಕಾಗದವನ್ನು ಮತ್ತೆ ತೆಗೆದು ನೋಡಿದೆ. ಸೋಮನಹಳ್ಳಿಯದು ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ. ಯಾವ ಧಾಟಿ ಎಂದು ನೀನು ಕೇಳುವುದು ಹೇಗೆ? ನೀನು ಕೇಳಿದ್ದೀಯ. ಚೆನ್ನಾಗಿದೆ, ತೆಗೆಯಬೇಡ ಎಂದು ಬರೆದಿದ್ದೀಯ.

ಅದು ಕಲ್ಲಿನ ಧಾಟಿ ಅಪ್ಪ.

ಊರಿಗೂ ಸ್ಮಶಾನಕ್ಕೂ ನಡುವೆ ಚಟ್ಟ ಇಳಿಸುವ ಕಲ್ಲಿನ ಹತ್ತಿರ, ಎಲ್ಲ ವಾದ್ಯ ನಿಲ್ಲಿಸಿ ನೀನೊಬ್ಬನೇ ಬಾರಿಸುವುದು. ಮನೆಯಲ್ಲಿ ಅಭ್ಯಾಸ ಮಾಡಬಾರದು, ಶಿಳ್ಳೆಯಲ್ಲೂ ಹಾಡಬಾರದು ಎಂದು ನೀನು ನನ್ನ ಬಾಯಿಗೆ ಹೊಡೆದಿದ್ದೆಯಲ್ಲ, ಅದು. ಅಮ್ಮನನ್ನು ಒಯ್ದ ದಿನ ಹೆಂಗಸರು ಮನೆಯಲ್ಲೇ ಉಳಿದರು. ನಾನು ಮಾಳಿಗೆ ಹತ್ತಿದೆ. ನಾಲೆಯ ಏರಿಯ ಮೇಲೆ ನೀನು ಕಾಣುತ್ತಿದ್ದೆ. ನೀನು ಶುರುಮಾಡಿದೆ. ಅರ್ಧಕ್ಕೆ ಬಂತು. ನಿಂತಿತು. ಜನ ಮುತ್ತಿ ನೀನು ಮರೆಯಾದೆ, ಸ್ವರ ಮತ್ತೆ ಬರಲಿಲ್ಲ.

ಎಲ್ಲರ ಮನೆಯ ಸಾವನ್ನೂ ಮುಗಿಸಿಕೊಡುವ ಅಪ್ಪನಿಗೆ ಅಮ್ಮನದನ್ನು ಮುಗಿಸಲಾಗಲಿಲ್ಲ ಎಂದುಕೊಂಡೆ. ನೀನು ಅಮ್ಮನ ಜೊತೆ ನಾಲ್ಕು ಒಳ್ಳೆಯ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಆ ನಿಂತ ಸ್ವರ ಒಂದನ್ನು ಕೇಳಿದೆ, ಸಾಕಾಯಿತು. ನಾನು ಆಮೇಲೆ ಬಾರಿಸಿದ್ದೆಲ್ಲ ಅಲ್ಲಿಂದಲೇ ಬಂದದ್ದು. ಆಲ್ಬಮ್ಮಿನ ಒಳಹಾಳೆಯಲ್ಲಿ ಹಾಗೇ ಬರೆದಿದ್ದೇನೆ: “ನನ್ನ ತಾಯಿಯ ಚಟ್ಟದ ಮುಂದೆ ನನ್ನ ತಂದೆ ಈ ಧಾಟಿಯನ್ನು ಮುಗಿಸಲಾರದೆ ನಿಲ್ಲಿಸಿದರು. ನಾನೂ ಅಲ್ಲೇ ನಿಲ್ಲಿಸುತ್ತೇನೆ.”

ಮದುವೆಯಲ್ಲಿ ಅದನ್ನು ಹಾಕುತ್ತಾರೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಬೇರೆ ದೇಶದವರಿಗೆ ಅದು ಬರೀ ಸ್ವರ. ನಮ್ಮೂರಿನವರೂ ಕೇಳುತ್ತಾರೆ ಎಂಬುದನ್ನೇ ಮರೆತಿದ್ದೆ.

ನೀನು ಯಾಕೆ ಆಗಲೇ ಬೇಡ ಅನ್ನಲಿಲ್ಲ?

ಕುಸುಮ

—

ಮಳವಳ್ಳಿ
8 ಜನವರಿ 2024

ಕುಸುಮಳಿಗೆ,

ನನ್ನ ಕಿವಿ ಹೋಗಿದೆ. ಕೆಲವು ವರ್ಷವಾಯಿತು. ಕಿವಿಯ ಬುಡದಲ್ಲಿ ಬಾಯಿಟ್ಟು ಕೂಗಿದರೆ ಮಾತು ತಿಳಿಯುತ್ತದೆ. ಸ್ವರ ತಿಳಿಯುವುದಿಲ್ಲ. ಫೋನು ಎತ್ತದ್ದು ಅದಕ್ಕೆ, ಸಿಟ್ಟಿಗಲ್ಲ. ಮದುವೆಗಳಲ್ಲಿ ಬೆರಳಿನ ಲೆಕ್ಕದಲ್ಲಿ, ತುಟಿಯ ನೆನಪಿನಲ್ಲಿ ಬಾರಿಸುತ್ತೇನೆ. ಕೆಂಪಸಿದ್ದಯ್ಯ ನನ್ನ ಎದುರಿಗೇ ನಡೆಯುತ್ತಾನೆ, ಅವನ ಕೋಲು ನೋಡಿಕೊಂಡು ಹೆಜ್ಜೆ ಹಿಡಿಯುತ್ತೇನೆ. ಕಿವುಡ ಮಾಸ್ಟರನ್ನು ಯಾರು ಕರೆಯುತ್ತಾರೆ? ಅವನಿಗೊಬ್ಬನಿಗೆ ಗೊತ್ತು, ಈಗ ನಿನಗೆ.

ನಿನ್ನ ಹಾಡುಗಳನ್ನು ಅಂಗೈಯಲ್ಲಿ ಕೇಳಿದೆ. ಡ್ರಮ್ಮು ಸಿಕ್ಕಿತು. ಮಗಳು ಬಾರಿಸಿದ್ದಾಳೆ, ಚೆನ್ನಾಗಿದೆ ಎಂದು ಬರೆದೆ.

ಈಗ ಧಾಟಿಯ ಮಾತು. ನೀನು ತಿಳಿದದ್ದು ತಪ್ಪು. ಕಲ್ಲಿನ ಧಾಟಿಗೆ ಎರಡು ಅರ್ಧ. ಮೊದಲರ್ಧವನ್ನು ಊರಿನ ಕಡೆ ಮುಖ ಮಾಡಿ ಬಾರಿಸಬೇಕು, ಅದು ಮನೆಯವರಿಗೆ. ಚಟ್ಟದ ತಲೆ ಕಾಲು ದಿಕ್ಕು ತಿರುಗಿಸಿದ ಮೇಲೆ ಸ್ಮಶಾನದ ಕಡೆ ತಿರುಗಿ ಉಳಿದರ್ಧ, ಅದು ಹೋಗುವವರಿಗೆ. ಏರಿಯ ಆ ಬದಿಗೆ ಬಾರಿಸಿದ್ದು ಊರಿಗೆ ಕೇಳುವುದಿಲ್ಲ. ಕೇಳಬಾರದು. ನಮ್ಮ ಸೆಟ್ಟಿನಲ್ಲಿ ಮೊದಲಿನಿಂದ ಹೀಗೇ. ಮಾಸ್ಟರ್ ಒಬ್ಬನೇ ಬಾರಿಸಬೇಕು, ಮುಗಿಸದೆ ಚಟ್ಟ ಎತ್ತುವ ಹಾಗಿಲ್ಲ. ಮನೆಯಲ್ಲಿ ಉಳಿದ ಹೆಂಗಸರಿಗೆಲ್ಲ ಅರ್ಧವೇ ಗೊತ್ತು. ನಿನಗೂ ಅಷ್ಟೇ.

ನಿನ್ನಮ್ಮನ ದಿನ ನಾನು ತಿರುಗಿದೆ. ಮುಗಿಸಿದೆ. ಉಸಿರಿಗೆ ಏನೂ ಆಗಿರಲಿಲ್ಲ.

ಮಿಡ್ಲ್ ಸ್ಕೂಲಿನ ರಂಜನಿ ಟೀಚರ್ ನಿನ್ನ ಒಳಹಾಳೆಯ ಮಾತನ್ನು ಕನ್ನಡದಲ್ಲಿ ಬರೆದುಕೊಟ್ಟರು. ಅವರಿಗಿಂತ ಮೊದಲೇ ಮದ್ದೂರಿನ ಬ್ಯಾಂಡಿನವರಿಗೆ ತಿಳಿದಿದೆ. ಸಂತೆಯಲ್ಲಿ ಸಿಕ್ಕಿ, “ಏನ್ ಮಾಸ್ಟ್ರೇ, ಎಡ್ತೀನ ಕಲ್ಲತ್ರನೇ ಬುಟ್ಬುಟ್ರಂತೆ” ಎಂದು ನಕ್ಕರು. ತುಟಿ ನೋಡಿದರೆ ಸಾಕು, ನಗುವವರ ಮಾತು ತಿಳಿಯುತ್ತದೆ. ಹೆಣ ತಿರುಗಿಸಲಾರದ ಮಾಸ್ಟರ್ ಎಂದು ಹೆಸರು ಬಂದರೆ ಮದುವೆಯೂ ಇಲ್ಲ, ಸಾವೂ ಇಲ್ಲ. ಸೆಟ್ಟಿನ ಒಂಬತ್ತು ಮನೆಗೆ ಅನ್ನವಿಲ್ಲ. ಆ ಮಾತನ್ನು ತಿದ್ದಿಸು.

ಮರಿಸಿದ್ದಯ್ಯ

—

ಶಿಲ್ಲಾಂಗ್
27 ಜನವರಿ 2024

ಅಪ್ಪ,

ಕಿವಿಯ ವಿಷಯ ಓದಿ ಅತ್ತೆ. ಅಷ್ಟು ವರ್ಷ ಸಿಟ್ಟು ಎಂದುಕೊಂಡು ನಾನೂ ಸಿಟ್ಟು ಮಾಡಿಕೊಂಡಿದ್ದೆ. ಯಾವ ಡಾಕ್ಟರಿಗೂ ತೋರಿಸಿಲ್ಲ ಎಂದು ಗೊತ್ತು. ಮಂಡ್ಯಕ್ಕೆ ಹೋಗು.

ಇನ್ನೊಂದಕ್ಕೆ ಅಳು ಬರಲಿಲ್ಲ. ನೀನು ಮುಗಿಸಿದೆ ಎಂದು ಬರೆದ ಸಾಲನ್ನು ಮತ್ತೆಮತ್ತೆ ಓದಿದೆ. ನನ್ನದೆಂದು ಎಲ್ಲರೂ ಹೊಗಳುತ್ತಿರುವ ಮೌನದಲ್ಲಿ ನೀನು ಬಾರಿಸುತ್ತಲೇ ಇದ್ದೆ. ನಾನು ತಪ್ಪು ಕಡೆ ನಿಂತಿದ್ದೆ. ಲಂಡನ್ನಿನವರು, ಬರ್ಲಿನ್ನಿನವರು ತಪ್ಪು. ಬೈದ ರಘುನಂದನ್ ಒಬ್ಬರೇ ಸರಿ. ಮುಂದಿನದು ನನಗೆ ಗೊತ್ತಿರಲಿಲ್ಲ, ಅಷ್ಟೇ.

ಫೆಬ್ರವರಿ ಕೊನೆಗೆ ಮಂಡ್ಯದಲ್ಲಿ ಕಾರ್ಯಕ್ರಮ ಒಪ್ಪಿಕೊಂಡಿದ್ದೇನೆ. ಒಳಹಾಳೆಯ ಹೊಸ ಮುದ್ರಣ ಅದಾದ ಮೇಲೆ. ತಿದ್ದುತ್ತೇನೆ. ಆದರೆ ಆರನೆಯದನ್ನು ನಮ್ಮ ಜನರ ಮುಂದೆ ಅರ್ಧಕ್ಕೆ ಬಿಡಲಾರೆ, ಬಾರಿಸದೆಯೂ ಇರಲಾರೆ. ಉಳಿದರ್ಧ ಹೇಳಿಕೊಡು.

ಕುಸುಮ

—

ಮಳವಳ್ಳಿ
10 ಫೆಬ್ರವರಿ 2024

ಕುಸುಮಳಿಗೆ,

ಮಂಡ್ಯದ ಡಾಕ್ಟರು ಮೆಷಿನ್ ಕೊಟ್ಟರು. ಹಾಕಿಕೊಂಡರೆ ಸಂತೆಯೇ ಕಿವಿಯೊಳಗೆ ಬಂದು ಕೂರುತ್ತದೆ. ಕೋಳಿಯೂ ಬಸ್ಸಿನ ಹಾರನ್ನೂ ಒಂದೇ. ತೆಗೆದು ಬೀರುವಿನಲ್ಲಿಟ್ಟಿದ್ದೇನೆ.

ಉಳಿದರ್ಧವನ್ನು ಹೇಳಿಕೊಡಲು ಬರುವುದಿಲ್ಲ. ಹೆಣ ಮುಂದಿಲ್ಲದೆ ಅದನ್ನು ಬಾರಿಸುವ ಹಾಗಿಲ್ಲ. ನಾನೂ ಕಲ್ಲಿನ ಹತ್ತಿರ ನಿಂತು ನಿಂತೇ ಕಲಿತದ್ದು. ಕಾಗದದಲ್ಲಿ ಬರೆಯುವ ವಿದ್ಯೆ ನನಗಿಲ್ಲ. ಬಾರಿಸಿ ತೋರಿಸಿದರೂ ನೀನು ಸರಿ ಹಿಡಿದೆಯೋ ಇಲ್ಲವೋ ನನಗೆ ತಿಳಿಯಬೇಕಲ್ಲ. ಬಿಟ್ಟುಬಿಡು.

ಬಾ. ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಸಮವಸ್ತ್ರ ಹಾಕಿಕೊಂಡು ಬರಲೇ, ಬರೀ ಶರ್ಟೇ? ಕೆಂಪಸಿದ್ದಯ್ಯ ಬರುವುದಿಲ್ಲ ಅನ್ನುತ್ತಿದ್ದಾನೆ. ಎಳೆದು ತರುತ್ತೇನೆ.

ಮರಿಸಿದ್ದಯ್ಯ

—

ಶಿಲ್ಲಾಂಗ್
3 ಮಾರ್ಚ್ 2024

ಅಪ್ಪ,

ತಲುಪಿದೆ. ರೈಲಿನಲ್ಲಿ ನೀನು ಕಟ್ಟಿಕೊಟ್ಟ ಬುತ್ತಿ ಗುವಾಹಟಿಯವರೆಗೆ ಬಂತು.

ನೀನು ಸಮವಸ್ತ್ರದಲ್ಲಿ, ಟೋಪಿ ಸಮೇತ, ಮುಂದಿನ ಸಾಲಿನಲ್ಲಿ ವೇದಿಕೆಯ ಹಲಗೆಗೆ ಎರಡೂ ಕೈ ಚಾಚಿ ಕೂತದ್ದನ್ನು ನೋಡಿ ನಮ್ಮ ಡ್ರಮ್ಮಿನವನು, ಅವರೇನು ಹಲಗೆ ಅಲ್ಲಾಡದಂತೆ ಹಿಡಿದಿದ್ದಾರಾ ಎಂದು ಕೇಳಿದ. ಹೌದು ಅಂದೆ.

ಚಲುವಮ್ಮಜ್ಜಿ ಸೋಮನಹಳ್ಳಿಯಿಂದ ಬಂದು ಕೂತಿದ್ದಾರೆ ಎಂದು ಯಾರೋ ಹೇಳಿದರು. ಬೈಯಲು ಬಂದಿದ್ದಾರೆ ಅಂದುಕೊಂಡೆ. ಆರನೆಯದು ಬಂತು. ಅರ್ಧ ಬಾರಿಸಿದೆ. ಮಂಡ್ಯದ ಸಭೆಯಲ್ಲಿ ಅಷ್ಟು ಮುಖಗಳು ಒಟ್ಟಿಗೆ ಬಿಳುಚಿದ್ದನ್ನು ನಾನು ಮರೆಯುವುದಿಲ್ಲ. ಆಮೇಲೆ ನಾನು ಜನರಿಗೆ ಬೆನ್ನು ತಿರುಗಿಸಿದೆ. ಟ್ರಂಪೆಟ್ ತುಟಿಯಲ್ಲೇ ಇತ್ತು. ನಾನು ಏನು ಬಾರಿಸಿದೆ ಎಂದು ಆಮೇಲೆ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಏನೂ ಬಾರಿಸಲಿಲ್ಲ ಅಪ್ಪ. ಬರೀ ಉಸಿರು ಬಿಟ್ಟೆ. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಬಾರಿಸಲು ಧೈರ್ಯ ಬರಲಿಲ್ಲ.

ಹೊರಡುವಾಗ ಚಲುವಮ್ಮಜ್ಜಿ ನನ್ನ ಗಲ್ಲ ಹಿಡಿದು, “ತಿರುಗಿದ್ಯಲ್ಲ, ಅಷ್ಟ್ ಸಾಕು ಬುಡು ಕಣಮ್ಮ. ಅವತ್ತೂ ಇಂಗೇ ತಿರುಗ್ಬುಟ್ಟಿದ್ರೆ ನಾನ್ಯಾಕ್ ಕಳಸ ಇಳಿಸ್ತಿದ್ದೆ?” ಅಂದರು.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಎಂದು ರೈಲಿನುದ್ದಕ್ಕೂ ಯೋಚಿಸಿದೆ. ನೀನು ಜವರಯ್ಯನವರ ಜೊತೆ ನಿಂತಿದ್ದಾಗ ಕೆಂಪಸಿದ್ದಯ್ಯ ಮಾವ ವೇದಿಕೆಯ ಹಿಂದೆ ಬಂದ. ಕಣ್ಣು ಕೆಂಪಾಗಿತ್ತು.

“ಉಸ್ರು ಬುಟ್ಟೆ, ಸೊರ ಬರ್ನಿಲ್ಲ ಅಲ್ವಾ ಕುಸುಮವ್ವ?” ಅಂದ.

“ಗೊತ್ತಿದ್ದರೆ ತಾನೆ ಮಾವ? ನಿಂಗೆ ಬತ್ತದಾ?”

“ಬತ್ತದೆ.”

“ಮಾಸ್ಟರ್ ಬಿಟ್ರೆ ಯಾರೂ ಬಾರಿಸಂಗಿಲ್ಲ ಅಂತ ಅಪ್ಪ ಬರೆದವ್ರೆ.”

“ಊಂ. ಬಾರ್ಸಂಗಿಲ್ಲ. ನಾನೂ ಒಂದೇ ಒಂದ್ ಸಲ ಬಾರ್ಸಿರದು ಕಣವ್ವ. ಆಗ ಅಲ್ಲು ಇದ್ದೊ. ಟ್ರಂಪೆಟ್ ಬೇರೇರ ಕೈಲಿತ್ತು, ನಡುಗ್ತಿತ್ತು, ಈಸ್ಕಂಡೆ. ಚಟ್ಟ ಎತ್ಬೇಕಲ್ಲ.”

ನಾನು ವೇದಿಕೆಯ ಅಂಚಿಗೆ ಕೂತೆ. ಅವನು, “ನಿಮ್ಮಪ್ಪುನ್ನ ಏನೂ ಕೇಳ್ಬ್ಯಾಡ. ಅವ್ನು ಮಾಸ್ಟ್ರು” ಎಂದು ಹೋಗಿಬಿಟ್ಟ.

ಯಾವ ಸಲ ಎಂದು ನಾನು ಅವನನ್ನು ಕೇಳಲಿಲ್ಲ. ನಿನ್ನನ್ನೂ ಕೇಳುತ್ತಿಲ್ಲ.

ಹೊಸ ಮುದ್ರಣದ ಒಳಹಾಳೆ ಈ ತಿಂಗಳ ನಡುವಿನಲ್ಲಿ ಅಚ್ಚಿಗೆ ಹೋಗುತ್ತದೆ. ನೀನು ಹೇಳಿದ ಹಾಗೆ ತಿದ್ದಿದ್ದೇನೆ: “ನನ್ನ ತಂದೆ ತಿರುಗಿ ನಿಂತು ಮುಗಿಸಿದರು. ಆ ಅರ್ಧ ನನಗೆ ಕೇಳಿಸಲಿಲ್ಲ.” ಮದ್ದೂರಿನವರೂ ಓದಲಿ.

ಕುಸುಮ

—

ಮಳವಳ್ಳಿ
14 ಮಾರ್ಚ್ 2024

ಕುಸುಮಳಿಗೆ,

ನಿನ್ನ ಕಾಗದ ಬಂತು. ಬೇಗ ತಲುಪಲಿ ಎಂದು ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಅಚ್ಚಾಗುವ ಮೊದಲು ಸಿಗದಿದ್ದರೆ ಎಂದು ರಂಜನಿ ಟೀಚರ್ ಕೈಲಿ ಫೋನಿನಲ್ಲೂ ಕಳಿಸಿದ್ದೇನೆ.

ಚಿಕ್ಕರಸಿನಕೆರೆಯವರು ಮತ್ತೆ ಹೇಳಿಕಳಿಸಿಲ್ಲ. ಜವರಯ್ಯ ಮಾತ್ರ ಸೆಟ್ಟಿನವರನ್ನೆಲ್ಲ ಕರೆಸಿ ಅವತ್ತಿನ ಊಟ ಇವತ್ತು ಹಾಕಿಸಿದರು. ಪಾಯಸ ಸ್ವಲ್ಪ ನೀರಾಗಿತ್ತು.

ಮಂಡ್ಯದಲ್ಲಿ ನೀನು ತಿರುಗಿದಾಗ ನಾನು ನಿನ್ನ ಬೆನ್ನು ನೋಡುತ್ತಿದ್ದೆ. ಉಸಿರು ತೆಗೆದಾಗ ಭುಜ ಏಳುತ್ತದೆ, ಬಾರಿಸಿದರೆ ನಿಧಾನಕ್ಕೆ ಇಳಿಯುತ್ತದೆ. ನಿನ್ನದು ಎದ್ದಿತು, ಒಮ್ಮೆಗೇ ಇಳಿದುಬಿಟ್ಟಿತು. ಆಗಲೇ ತಿಳಿಯಿತು. ಅದು ಹೇಗಿರುತ್ತದೆ ಎಂದು ನನಗೆ ಗೊತ್ತು.

ಒಳಹಾಳೆ ತಿದ್ದಬೇಡ. ಮೊದಲು ಬರೆದದ್ದೇ ಇರಲಿ. ಮದ್ದೂರಿನವರು ನಗಲಿ.

ಮರಿಸಿದ್ದಯ್ಯ